ಬಾಟಲಲ್ಲಿ ಕಂಡಷ್ಟೇ ಹಾಲಲ್ಲ: ಪಂಪ್ ಮಾಡೋ ಅಮ್ಮಂದಿರಿಗೆ

ಹೆರಿಗೆ ರಜೆ ಮುಗಿದು ಆಫೀಸಿಗೆ ಹೋದ ಮೊದಲನೇ ದಿನ ಮಧ್ಯಾಹ್ನ ಎರಡೂವರೆಗೆ ಎದೆಹಾಲು ತೆಗೆಯೋ ಪಂಪ್ ಹಾಕ್ಕೊಂಡು ಕೂತಾಗ ಎರಡೂ ಕಡೆ ಸೇರಿ ಬಂದಿದ್ದು 50 ಎಂಎಲ್. ಬೆಳಗ್ಗೆ ಎಂಟಕ್ಕೆ ಬಸವೇಶ್ವರನಗರದಲ್ಲಿ ಮಗುಗೆ ಹಾಲು ಕೊಟ್ಟು ಹೊರಟಿದ್ದೆ, ಔಟರ್ ರಿಂಗ್ ರೋಡ್ ಮುಟ್ಟೋ ಹೊತ್ತಿಗೆ ಒಂಬತ್ತೂವರೆ, ಆಮೇಲೆ ಮೀಟಿಂಗ್ ಮೇಲೆ ಮೀಟಿಂಗ್, ಎದೆ ಕಲ್ಲಾಗಿತ್ತು, ಆದ್ರೂ ಬಾಟಲಲ್ಲಿ ಅಷ್ಟೇ. ಅದೇ ಹೊತ್ತಿಗೆ ಅಮ್ಮ ಫೋನ್ ಮಾಡಿ ಪುಟ್ಟ ಆಗ್ಲೇ 200 ಎಂಎಲ್ ಕುಡಿದ, ಇನ್ನೂ ಅಳ್ತಿದಾನೆ ಅಂದ್ರು. ನನಗೆ ಹಾಲು ಬತ್ತೋಗಿದೆ ಅಂತ್ಲೇ ತೀರ್ಮಾನ ಮಾಡ್ಕೊಂಡೆ, ಸಂಜೆ ಬರ್ತಾ ಮೆಡಿಕಲ್ ಶಾಪಲ್ಲಿ ಪೌಡರ್ ಡಬ್ಬ ತಗೊಂಡೇ ಮನೆಗೆ ಬಂದೆ.

ಹಾಲು ಬತ್ತಿರಲಿಲ್ಲ. ಪಂಪಿನ ಕಪ್ ಸೈಜ್ ತಪ್ಪಿತ್ತು, ಒಳಗಿನ ರಬ್ಬರ್ ವಾಲ್ವ್ ಸವೆದಿತ್ತು, ಆರೂವರೆ ಗಂಟೆ ಎದೆಯಿಂದ ಹಾಲೇ ತೆಗೆದಿರಲಿಲ್ಲ, ಮನೇಲಿ ಮಗುಗೆ ಬಾಟಲಲ್ಲಿ ಕೊಡೋ ರೀತಿನೂ ಸರಿ ಇರಲಿಲ್ಲ. ಈ ನಾಲ್ಕರಲ್ಲಿ ಒಂದನ್ನೂ ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲು ಹಾಲು ಹೇಗೆ ಆಗುತ್ತೆ ಅನ್ನೋದು ಗೊತ್ತಾಗ್ಬೇಕು, ಅದು ಗೊತ್ತಾದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ನಾವು ಬೆಂಗಳೂರಿನವರು ಎದೆ ಹಾಲನ್ನ ಮನೆ ಸಂಪ್ ಥರ ನೋಡ್ತೀವಿ, ಇದ್ದಿದ್ದು ಇಷ್ಟು, ತೆಗೆದ್ರೆ ಖಾಲಿ, ಹಾಗಾಗಿ ಸಾಯಂಕಾಲ ಮಗುಗೆ ಬೇಕು ಅಂತ ಮಧ್ಯಾಹ್ನ ಪಂಪ್ ಮಾಡದೆ ಉಳಿಸ್ಕೊಳ್ಳೋವ್ರೂ ಇದಾರೆ. ಆದ್ರೆ ಇದು ಸಂಪ್ ಅಲ್ಲ, ಒರತೆ. ನಮ್ಮಮ್ಮನ ಊರು ಕೋಲಾರದ ಕಡೆ, ಬೇಸಿಗೇಲಿ ಹೊಳೆ ಮರಳಲ್ಲಿ ಗುಂಡಿ ತೋಡಿ ಚಿಪ್ಪಲ್ಲಿ ನೀರು ಮೊಗೀತಿದ್ರಂತೆ, ಮೊಗೆದಷ್ಟೂ ಊರ್ತಿತ್ತು, ಮೊಗೆಯೋದು ಬಿಟ್ರೆ ಗುಂಡಿ ಮುಚ್ಕೊಳ್ತಿತ್ತು. ಎದೆ ಹಾಲಿನ ಲೆಕ್ಕ ಹೆಚ್ಚುಕಮ್ಮಿ ಅದೇ.

ಹೆರಿಗೆ ಆದ ಮೊದಲ ದಿನಗಳಲ್ಲಿ ಹಾರ್ಮೋನೇ ಎಲ್ಲಾ ನಡೆಸುತ್ತೆ. ಮಾಸು ಹೊರಗೆ ಬಂದ ತಕ್ಷಣ ಬಸಿರಿನ ಹಾರ್ಮೋನ್ ಪ್ರೊಜೆಸ್ಟೆರಾನ್ ಇಳಿಯುತ್ತೆ, ಹಾಲು ಮಾಡ್ಸೋ ಹಾರ್ಮೋನ್ ಪ್ರೊಲ್ಯಾಕ್ಟಿನ್ ಕೆಲಸ ಶುರು ಮಾಡುತ್ತೆ, ಎರಡರಿಂದ ನಾಲ್ಕು ದಿನದೊಳಗೆ ಗಿಣ್ಣುಹಾಲು ಹೋಗಿ ಎದೆ ತುಂಬ್ಕೊಳ್ಳುತ್ತೆ. ಆಮೇಲೆ ವಾರಗಳು ಕಳೀತಾ ಹೋದಂಗೆ ಲೆಕ್ಕ ಎದೆಯ ಒಳಗೇ ಶುರುವಾಗುತ್ತೆ. ಹಾಲು ತುಂಬ್ಕೊಂಡು ಹಾಗೇ ನಿಂತ್ರೆ ಆ ಹಾಲಲ್ಲಿರೋ ಅಂಶಗಳು, ಆ ಒತ್ತಡ, ಎರಡೂ ಸೇರಿ ಇನ್ನು ಸಾಕು ನಿಲ್ಲಿಸು ಅಂತ ಜೀವಕೋಶಗಳಿಗೆ ಹೇಳುತ್ತೆ. ತೆಗೆದ್ರೆ ಮಾಡು ಅಂತ ಹೇಳುತ್ತೆ. ಎಡಗಡೆದು ಎಡಗಡೆಗೆ ಬಲಗಡೆದು ಬಲಗಡೆಗೆ, ಅದಕ್ಕೇ ಒಂದೇ ಕಡೆ ಕುಡಿಸಿ ಅಭ್ಯಾಸ ಆದವರಿಗೆ ಇನ್ನೊಂದು ಕಡೆ ಕಮ್ಮಿ ಆಗೋದು. ಅಂದ್ರೆ ಆರೂವರೆ ಗಂಟೆ ಬಿಗಿಹಿಡಿದು ಕೂತ ನಾನು, ಹಾಲು ಉಳಿಸ್ತಿರಲಿಲ್ಲ, ಕಮ್ಮಿ ಮಾಡು ಅಂತ ನನ್ನ ಮೈಗೆ ನಾನೇ ಹೇಳ್ತಿದ್ದೆ.

ಇನ್ನೊಂದು ವಿಷ್ಯ, ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ ಎದೆ ಮೆತ್ತಗಾಗುತ್ತೆ, ಸೋರೋದು ನಿಲ್ಲುತ್ತೆ. ಎಷ್ಟೋ ಜನ ಅಲ್ಲೇ ಹೆದರ್ಕೊಂಡು ಪೌಡರ್ ಶುರು ಮಾಡ್ತಾರೆ. ಅದು ಬತ್ತಿದ್ದಲ್ಲ, ಮೈ ಮಗುವಿನ ಅಳತೆಗೆ ಹೊಂದ್ಕೊಂಡಿದ್ದು.

ಈಗ ಹಾಲು ಆಗೋದು ಬೇರೆ, ಹಾಲು ಇಳಿಯೋದು ಬೇರೆ. ಹಸು ಕರೆಯೋ ಮನೇಲಿ ಬೆಳೆದವರಿಗೆ ಇದನ್ನ ಹೇಳಿಕೊಡ್ಬೇಕಾಗಿಲ್ಲ. ಕರೆಯೋಕೆ ಮುಂಚೆ ಕರು ಬಿಡ್ತಾರೆ, ಕರು ನಾಲ್ಕು ಸಲ ಗುದ್ದಿದ ಮೇಲೆ ಹಸು ಸೊರೆ ಬಿಡುತ್ತೆ, ಆಮೇಲೆ ಕರೆದ್ರೆ ನೊರೆನೊರೆ ಹಾಲು. ಸೊರೆ ಬಿಡದೆ ಎಷ್ಟು ಎಳೆದ್ರೂ ನಾಲ್ಕು ಹನಿ. ನಮ್ಮ ಮೈನಲ್ಲೂ ಸೊರೆ ಬಿಡ್ಸೋದು ಅದೇ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್, ಅದು ಬಂದಾಗ ಹಾಲಿನ ಗೂಡುಗಳ ಸುತ್ತ ಇರೋ ಸಣ್ಣ ಸ್ನಾಯುಗಳು ಹಿಂಡಿ ಹಾಲನ್ನ ಮುಂದಕ್ಕೆ ತಳ್ಳುತ್ತೆ. ಮಗು ಅಳೋದು ಕೇಳಿದ್ರೆ, ಮಗು ನೆನೆಸ್ಕೊಂಡ್ರೆ, ಕೆಲವರಿಗೆ ಬೇರೆ ಯಾರದೋ ಮಗು ಅತ್ರೂ ಸಾಕು ಜುಮ್ ಅಂತ ಇಳಿಯುತ್ತೆ. ಟೆನ್ಷನ್, ನೋವು, ಬಾಗಿಲು ಯಾರಾದ್ರೂ ತೆಗೀತಾರೇನೋ ಅನ್ನೋ ಭಯ, ಇವು ಅದನ್ನ ತಡೆಯುತ್ತೆ. ನನಗೆ ಆಫೀಸಲ್ಲಿ ಕೊಟ್ಟಿದ್ದ ರೂಮು ಹಳೇ ಪ್ರಿಂಟರ್ ಕುರ್ಚಿ ಪೇರಿಸಿಟ್ಟಿದ್ದ ಸ್ಟೋರು, ಒಳಗಿಂದ ಚಿಲಕ ಇರಲಿಲ್ಲ, ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡ್ಕೊಂಡು ಪಂಪ್ ಮಾಡ್ತಿದ್ದೆ. ಹಾಗೆ ಕೂತ್ಕೊಂಡು ಸೊರೆ ಬಿಡು ಅಂದ್ರೆ ಎಲ್ಲಿಂದ ಬಿಡುತ್ತೆ?

ನಾನು ಆಮೇಲೆ ಮಾಡಿದ್ದು ಇಷ್ಟೇ, ಪುಟ್ಟನ ಮಲಗೋ ಬಟ್ಟೆ ಒಂದು ಕವರಲ್ಲಿ ಹಾಕ್ಕೊಂಡು ಹೋಗ್ತಿದ್ದೆ, ಬಿಸಿನೀರಲ್ಲಿ ಅದ್ದಿದ ಟವಲ್ ಎರಡು ನಿಮಿಷ ಎದೆ ಮೇಲೆ ಇಡ್ತಿದ್ದೆ, ಬಟ್ಟೆ ವಾಸನೆ ತಗೊಂಡು ಫೋನಲ್ಲಿ ಅವನ ವಿಡಿಯೋ ಹಾಕ್ಕೊಂಡು ಬಾಟಲ್ ಕಡೆ ನೋಡ್ತಾನೇ ಇರಲಿಲ್ಲ, ಬಾಟಲ್ ಮೇಲೆ ಒಂದು ಕಾಲುಚೀಲ ಹಾಕಿ ಮುಚ್ಚಿಡ್ತಿದ್ದೆ. ಹನಿ ಎಣಿಸ್ತಾ ಕೂತ್ರೆ ಇಳಿಯಲ್ಲ, ಇದು ನಿಜವಾಗ್ಲೂ ನಿಜ.

ಎಲೆಕ್ಟ್ರಿಕ್ ಪಂಪ್‌ಗಳಲ್ಲಿ ಎರಡು ಮೋಡ್ ಇರುತ್ತಲ್ಲ, ಅದೂ ಇದಕ್ಕೇ. ಮೊದಲನೇದು ಬೇಗಬೇಗ ಮೆಲ್ಲಗೆ ಎಳೆಯೋದು, ಮಗು ಬಾಯಿಟ್ಟ ತಕ್ಷಣ ಚಪ್ಪರಿಸೋ ಥರ, ಅದು ಸೊರೆ ಬಿಡ್ಸೋಕೆ. ಹಾಲು ಚಿಮ್ಮೋಕೆ ಶುರುವಾದ ಮೇಲೆ ನಿಧಾನವಾಗಿ ಆಳವಾಗಿ ಎಳೆಯೋ ಮೋಡ್. ಚಿಮ್ಮೋದು ನಿಂತ್ಮೇಲೆ ಎದ್ದುಬಿಡ್ಬೇಡಿ, ಮತ್ತೆ ಮೊದಲನೇ ಮೋಡ್‌ಗೆ ಹೋಗಿ, ಎರಡನೇ ಸಲ ಸೊರೆ ಬರುತ್ತೆ. ಸಕ್ಷನ್ ಜಾಸ್ತಿ ಮಾಡಿದ್ರೆ ಹಾಲು ಜಾಸ್ತಿ ಅನ್ನೋದು ತಪ್ಪು. ನೋವಾಗದೆ ಇರೋ ಮಟ್ಟದಲ್ಲಿ ಎಷ್ಟು ಜಾಸ್ತಿ ಆಗುತ್ತೋ ಅಷ್ಟು ಸಾಕು, ನೋವಾದ್ರೆ ಆಕ್ಸಿಟೋಸಿನ್ನೇ ಓಡೋಗುತ್ತೆ.

ಕಪ್ ಸೈಜ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಅರ್ಧ ಪ್ರಾಬ್ಲಂ ಅಲ್ಲೇ ಇತ್ತು. ಎದೆ ಮೇಲೆ ಕೂರೋ ಆ ಫನೆಲ್ ಥರದ್ದಕ್ಕೆ ಫ್ಲ್ಯಾಂಜ್ ಅಂತಾರೆ, ಸುಮಾರು ಪಂಪ್‌ಗಳ ಡಬ್ಬದಲ್ಲಿ 24 ಅಥವಾ 28 ಎಂಎಂ ಬರುತ್ತೆ. ಅದು ಎದೆ ಸೈಜಿಗಲ್ಲ, ತೊಟ್ಟಿನ ಅಗಲಕ್ಕೆ ಹೊಂದ್ಬೇಕು. ಪಂಪ್ ಮಾಡೋಕೆ ಮುಂಚೆ ಸ್ಕೇಲಲ್ಲಿ ತೊಟ್ಟಿನ ಅಗಲ ಎಂಎಂನಲ್ಲಿ ಅಳೀರಿ, ಸುತ್ತಲಿನ ಕಪ್ಪು ಭಾಗ ಸೇರಿಸ್ಬೇಡಿ, ಬಂದ ಅಳತೆಗೆ ಸಮ ಅಥವಾ ಎರಡು ಮೂರು ಎಂಎಂ ಜಾಸ್ತಿ ಇರೋದು ತಗೊಳ್ಳಿ. ನಂದು 16 ಇತ್ತು, ಹಾಕ್ಕೊಂಡಿದ್ದು 28. ಕಪ್ಪು ಭಾಗ ಎಲ್ಲಾ ಪೈಪೊಳಗೆ ಎಳ್ಕೊಂಡು ಊದ್ಕೊಂಡು ಹೊರಗೆ ಬರ್ತಿತ್ತು, ಅದೇ ನಾರ್ಮಲ್ ಅನ್ಕೊಂಡಿದ್ದೆ. ಸರಿ ಸೈಜಲ್ಲಿ ತೊಟ್ಟು ಮಾತ್ರ ಹಿಂದೆ ಮುಂದೆ ಆರಾಮಾಗಿ ಆಡ್ಬೇಕು, ಗೋಡೆಗೆ ಉಜ್ಜಬಾರದು, ಪಂಪ್ ತೆಗೆದ್ಮೇಲೆ ತೊಟ್ಟು ಬಿಳಿಚ್ಕೊಂಡಿರಬಾರದು. ಪೂರ್ತಿ ಹೊಸ ಕಪ್ ಬೇಡ, ಒಳಗೆ ಸೇರಿಸೋ ಸಿಲಿಕೋನ್ ಇನ್ಸರ್ಟ್ ಸಿಗುತ್ತೆ, ಅದನ್ನ ಹಾಕಿದ ವಾರದಲ್ಲೇ ನನಗೆ ವ್ಯತ್ಯಾಸ ಗೊತ್ತಾಯ್ತು.

ಇನ್ನು ವಾಲ್ವ್. ಬಾತುಕೋಳಿ ಕೊಕ್ಕಿನ ಥರ ಬಿಳೀ ರಬ್ಬರ್ ಇರುತ್ತೆ ನೋಡಿ, ದಿನಾ ನಾಲ್ಕು ಸಲ ಪಂಪ್ ಮಾಡಿದ್ರೆ ಎರಡು ಮೂರು ತಿಂಗಳಿಗೆ ಅದು ಸಡಿಲ ಆಗುತ್ತೆ. ಮೋಟರ್ ಸದ್ದು ಅಷ್ಟೇ ಇರುತ್ತೆ, ಎಳೆತ ಇರಲ್ಲ. ಬೆಳಕಿಗೆ ಹಿಡಿದು ನೋಡಿ, ಕೊಕ್ಕಿನ ಸೀಳು ಬಾಯಿ ಬಿಟ್ಕೊಂಡಿದ್ರೆ ಬದಲಾಯಿಸೋ ಟೈಮ್ ಬಂತು ಅಂತ. ನಾನು ಚಿಕ್ಕಮ್ಮನ ಮಗಳ ಪಂಪ್ ತಂದಿದ್ದೆ, ಅವಳು ವರ್ಷ ಬಳಸಿದ್ದು, ಯಾರೂ ವಾಲ್ವ್ ಬಗ್ಗೆ ಯೋಚನೆನೇ ಮಾಡಿರಲಿಲ್ಲ. ಅಂದಹಾಗೆ ಬೇರೆಯವರ ಪಂಪ್ ಅಷ್ಟು ಒಳ್ಳೇದಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಹಾಲಿನ ಹನಿ ಮೋಟರ್ ಕಡೆಗೆ ಹೋಗ್ದಂಗೆ ತಡೆಯೋ ವ್ಯವಸ್ಥೆ ಇರಲ್ಲ, ಕಪ್ ಟ್ಯೂಬ್ ಬದಲಾಯಿಸಿದ್ರೂ ಅದು ಕ್ಲೀನ್ ಆಗಲ್ಲ.

ಕೈಯಲ್ಲಿ ಹಿಂಡೋದನ್ನ ಕಲೀಲೇಬೇಕು, ಕರೆಂಟ್ ಹೋದ್ರೂ ಚಾರ್ಜ್ ಇಲ್ದಿದ್ರೂ ಅದು ಇರುತ್ತೆ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿಂದ ಸುಮಾರು ಒಂದಿಂಚು ಹಿಂದೆ ಇಂಗ್ಲಿಷ್ ಸಿ ಅಕ್ಷರದ ಥರ ಹಿಡೀಬೇಕು, ಮೊದಲು ಎದೆಗೂಡಿನ ಕಡೆ ಹಿಂದಕ್ಕೆ ಒತ್ತಿ ಆಮೇಲೆ ಬೆರಳು ಒಟ್ಟಿಗೆ ತರ್ಬೇಕು, ಚರ್ಮದ ಮೇಲೆ ಜಾರಿಸಬಾರದು, ತೊಟ್ಟು ಹಿಂಡಬಾರದು. ಮೊದಲ ಒಂದು ನಿಮಿಷ ಏನೂ ಬರಲ್ಲ, ಆಮೇಲೆ ಹನಿ, ಆಮೇಲೆ ಧಾರೆ. ಪಂಪ್ ನಡೀತಿರೋವಾಗ್ಲೂ ಇನ್ನೊಂದು ಕೈಯಲ್ಲಿ ಮೆತ್ತಗೆ ಒತ್ತಿ, ಪಂಪ್ ಆದ್ಮೇಲೆ ಎರಡು ನಿಮಿಷ ಕೈಯಲ್ಲಿ ತೆಗೀರಿ, ಕೊನೇಲಿ ಬರೋ ಆ ದಪ್ಪ ಹಾಲಲ್ಲಿ ಕೊಬ್ಬು ಜಾಸ್ತಿ.

ಎಷ್ಟು ಸಲ ತೆಗೀಬೇಕು? ಮಗು ಮನೇಲಿ ಎಷ್ಟು ಸಲ ಕುಡಿಯುತ್ತೋ ಹೆಚ್ಚುಕಮ್ಮಿ ಅಷ್ಟು ಸಲ. ಒಂದು ತಿಂಗಳಿಂದ ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿಯೋ ಮಗು ಸರಾಸರಿ ದಿನಕ್ಕೆ 750 ರಿಂದ 800 ಎಂಎಲ್ ಕುಡಿಯುತ್ತೆ, ಕೆಲವು ಇನ್ನೂ ಕಮ್ಮಿ ಕೆಲವು ಇನ್ನೂ ಜಾಸ್ತಿ. ಅಂದ್ರೆ ನೀವು ದೂರ ಇರೋ ಒಂದೊಂದು ಗಂಟೆಗೆ ಸುಮಾರು 30 ಎಂಎಲ್ ಲೆಕ್ಕ. ಟ್ರಾಫಿಕ್ ಸೇರಿ ಹನ್ನೊಂದು ಗಂಟೆ ಆಚೆ ಇದ್ರೆ 330 ಎಂಎಲ್, ಮೂರು ನಾಲ್ಕು ಸಲಕ್ಕೆ ಹಂಚಿದ್ರೆ ಒಂದು ಸಲಕ್ಕೆ 80 ರಿಂದ 110. ಇನ್‌ಸ್ಟಾಗ್ರಾಂನಲ್ಲಿ ಒಬ್ಬೊಬ್ಬರು 300 ಎಂಎಲ್ ತುಂಬಿದ ಬಾಟಲ್ ತೋರಿಸ್ತಾರಲ್ಲ, ಅದನ್ನ ನೋಡಿ ಎದೆ ಒಡ್ಕೊಬೇಡಿ, ಅಷ್ಟು ಯಾವ ಮಗುಗೂ ಒಂದು ಸಲಕ್ಕೆ ಬೇಕಾಗಲ್ಲ. ಮಗುಗೆ ಕುಡಿಸಿ ಒಂದು ಗಂಟೆ ಆದ್ಮೇಲೆ ಪಂಪ್ ಮಾಡಿದ್ರೆ 15 ರಿಂದ 60 ಎಂಎಲ್ ಬಂದ್ರೂ ಅದು ಸರೀನೇ. ಇನ್ನೊಂದು ಮಾತು, ಮಗು ಬಾಯಿ ತೆಗೆಯೋಷ್ಟು ಹಾಲನ್ನ ಮಷೀನು ಎಷ್ಟೋ ಸಲ ತೆಗೆಯಲ್ಲ, ಹಾಗಾಗಿ ಬಾಟಲ್ ಗೆರೆ ನೋಡಿ ನನ್ನ ಹಾಲು ಇಷ್ಟೇ ಅಂತ ಹೇಳೋಕೆ ಬರಲ್ಲ.

ನನ್ನ ಟೈಮ್ ಟೇಬಲ್ ಹೀಗಿತ್ತು. ಬೆಳಗ್ಗೆ ಏಳೂಮುಕ್ಕಾಲಿಗೆ ಕುಡಿಸಿ ಹೊರಡೋದು, ಹತ್ತೂವರೆ, ಒಂದೂವರೆ, ನಾಲ್ಕೂವರೆ ಪಂಪ್, ಮನೆಗೆ ಬಂದು ಕಾಲು ತೊಳ್ಕೊಂಡ ತಕ್ಷಣ ಕುಡಿಸೋದು, ರಾತ್ರಿ ಅವನು ಕೇಳಿದಾಗೆಲ್ಲಾ. ರಾತ್ರಿ ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತೆ, ಅದಕ್ಕೇ ರಾತ್ರಿ ಹಾಲು ಬಿಡಿಸಿ ನಿದ್ದೆ ಮಾಡ್ಸು ಅನ್ನೋ ಸಲಹೆ ಕೇಳಿ ಸಪ್ಲೈ ಕುಸಿದವರು ಬಹಳ ಜನ. ವಾರದ ಕೊನೇಲಿ ಪಂಪ್ ಮುಟ್ಟದೆ ಮಗುನೇ ಹಚ್ಕೊಳ್ಳಿ, ಸೋಮವಾರ ನಿಮಗೇ ವ್ಯತ್ಯಾಸ ಕಾಣುತ್ತೆ.

ಕಮ್ಮಿ ಆಗಿದೆ ಅನಿಸಿದ್ರೆ ಪವರ್ ಪಂಪಿಂಗ್ ಅಂತ ಒಂದಿದೆ. ದಿನಕ್ಕೊಂದು ಗಂಟೆ, 20 ನಿಮಿಷ ಪಂಪ್, 10 ನಿಮಿಷ ರೆಸ್ಟ್, 10 ಪಂಪ್, 10 ರೆಸ್ಟ್, 10 ಪಂಪ್. ಮಗು ಒಂದೇ ಸಮ ಅಂಟ್ಕೊಂಡು ಬಿಟ್ಟು ಬಿಟ್ಟು ಕುಡಿಯುತ್ತಲ್ಲ, ಅದರ ನಕಲು ಇದು. ಮೊದಲ ದಿನ ಖಾಲಿ ಬಾಟಲ್ ಇದ್ರೂ ಬೇಜಾರಾಗ್ಬೇಡಿ, ನಾಲ್ಕೈದು ದಿನ ಬಿಡದೆ ಮಾಡಿ, ಫಲ ನಿಧಾನವಾಗಿ ಬರುತ್ತೆ. ಪೀರಿಯಡ್ಸ್ ವಾಪಸ್ ಬಂದಾಗ ಎರಡು ಮೂರು ದಿನ ಕಮ್ಮಿ ಆಗೋದೂ ಇದೆ, ಅದು ತಾನೇ ಸರಿ ಹೋಗುತ್ತೆ.

ಊಟದ ವಿಷ್ಯಕ್ಕೆ ಬಂದ್ರೆ ನನಗೆ ಗೊತ್ತು ಎಲ್ಲರ ಮನೇಲೂ ಒಂದು ಯುದ್ಧ ಇದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಮುದ್ದೆ, ಕೊಬ್ಬರಿ, ಅಂಟಿನ ಉಂಡೆ, ಮೆಣಸಿನ ಸಾರು, ಇದೆಲ್ಲಾ ಒಳ್ಳೇ ಊಟ, ಬಾಣಂತಿಗೆ ಶಕ್ತಿ ಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲೇ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು. ಪ್ರೀತಿಯಿಂದ ಮಾಡಿಕೊಟ್ರೆ ತಿನ್ನಿ. ಆದ್ರೆ ಹಾಲು ತೆಗೀದೆ ಬರೀ ಮೆಂತ್ಯ ತಿಂದ್ರೆ ಹಾಲು ಜಾಸ್ತಿ ಆಗಲ್ಲ. ಮೆಂತ್ಯ, ಶತಾವರಿ ಇಂಥದ್ದಕ್ಕೆಲ್ಲಾ ಗಟ್ಟಿ ಸಾಕ್ಷಿ ಕಮ್ಮಿ, ಮೆಂತ್ಯ ಕ್ಯಾಪ್ಸೂಲ್ ಲೆಕ್ಕದಲ್ಲಿ ತಗೊಂಡ್ರೆ ಶುಗರ್ ಇಳಿಸಬಹುದು, ಡಯಾಬಿಟಿಸ್ ಮಾತ್ರೆ ತಗೊಳ್ಳೋರು ಡಾಕ್ಟರ್ ಕೇಳ್ದೆ ಶುರು ಮಾಡ್ಬೇಡಿ. ಹಾಲು ಹೆಚ್ಚಾಗೋಕೆ ಅಂತ ಮೆಡಿಕಲಲ್ಲಿ ನೀವೇ ಮಾತ್ರೆ ಕೇಳಿ ತಗೊಳ್ಳೋದಂತೂ ಬೇಡವೇ ಬೇಡ. ಮತ್ತೆ ನೀರು, ಬಾಣಂತಿ ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಅಂತ ಒಂದು ಲೋಟಕ್ಕೆ ಕಟ್ಟಿಹಾಕ್ತಾರಲ್ಲ, ಅದನ್ನ ನಾನು ಒಪ್ಪಲ್ಲ. ಬಾಯಾರಿದಾಗ ಕುಡೀರಿ, ಹಾಲು ಕೊಡೋಕೆ ಕೂತಾಗ ಪಕ್ಕದಲ್ಲೊಂದು ಚೊಂಬು ಇರಲಿ.

ತೆಗೆದ ಹಾಲು ಇಡೋದು ಹೇಗೆ. 25 ಡಿಗ್ರಿ ಒಳಗಿರೋ ರೂಮಲ್ಲಿ 4 ಗಂಟೆ, ಫ್ರಿಡ್ಜ್ ಒಳಗೆ 4 ದಿನ, ಮೈನಸ್ 18 ಡಿಗ್ರಿ ಫ್ರೀಜರಲ್ಲಿ 6 ತಿಂಗಳು. ಬೆಂಗಳೂರು ತಂಪು ಅನ್ನೋ ಕಾಲ ಹೋಯ್ತು, ಮಾರ್ಚ್ ಏಪ್ರಿಲಲ್ಲಿ ಮಧ್ಯಾಹ್ನ ನಮ್ಮ ಅಡುಗೆಮನೆ 25 ಎಲ್ಲಿರುತ್ತೆ, ಹಾಗಾಗಿ ತೆಗೆದ ತಕ್ಷಣ ಫ್ರಿಡ್ಜಿಗೆ ಹಾಕಿ. ಬಾಗಿಲಿನ ಕಪಾಟಲ್ಲಿ ಬೇಡ, ಹಿಂದುಗಡೆ ಗೋಡೆಗೆ ಹತ್ತಿರ. ಆಫೀಸಿಂದ ತರೋಕೆ ಐಸ್ ಪ್ಯಾಕ್ ಹಾಕಿದ ಕೂಲರ್ ಬ್ಯಾಗಲ್ಲಿ 24 ಗಂಟೆವರೆಗೂ ಇರುತ್ತೆ, ಸಿಲ್ಕ್ ಬೋರ್ಡ್ ಟ್ರಾಫಿಕಲ್ಲಿ ಎರಡು ಗಂಟೆ ನಿಂತ್ರೂ ಏನೂ ಆಗಲ್ಲ. ಬೆಸ್ಕಾಂನವರು ಕೆಲಸ ಅಂತ ದಿನವೆಲ್ಲ ಕರೆಂಟ್ ತೆಗೆದ್ರೆ ಫ್ರೀಜರ್ ಬಾಗಿಲು ತೆಗೆದು ತೆಗೆದು ನೋಡ್ಬೇಡಿ. ಹಾಲಲ್ಲಿ ಇನ್ನೂ ಐಸ್ ಹರಳು ಇದ್ರೆ ವಾಪಸ್ ಗಟ್ಟಿಯಾಗೋಕೆ ಬಿಡಬಹುದು, ಪೂರ್ತಿ ಕರಗಿದ್ರೆ ಫ್ರಿಡ್ಜಲ್ಲಿಟ್ಟು 24 ಗಂಟೆಯೊಳಗೆ ಕುಡಿಸಿ ಮುಗಿಸ್ಬೇಕು. ಕೆನೆ ಮೇಲೆ ಬಂದು ಎರಡು ಪದರ ಕಾಣುತ್ತೆ, ಕೆಟ್ಟಿಲ್ಲ, ಮೆಲ್ಲಗೆ ತಿರುಗಿಸಿದ್ರೆ ಕೂಡ್ಕೊಳ್ಳುತ್ತೆ. ಒಲೆ ಮೇಲೆ ಕುದಿಸ್ಬೇಡಿ, ಮೈಕ್ರೋವೇವ್ ಬೇಡ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲ್ ನಿಲ್ಲಿಸಿ. ಮಗು ಬಾಯಿ ಹಾಕಿ ಬಿಟ್ಟಿದ್ದು 2 ಗಂಟೆ ಆದ್ಮೇಲೆ ಚೆಲ್ಲೋದೇ, ಎಷ್ಟೇ ಹೊಟ್ಟೆ ಉರಿದ್ರೂ. ಅದಕ್ಕೇ 60, 60 ಎಂಎಲ್ ಚಿಕ್ಕ ಚಿಕ್ಕ ಪ್ಯಾಕೆಟ್ ಮಾಡಿಡಿ, ತಾರೀಕು ಬರೀರಿ. ಕರಗಿಸಿದ ಹಾಲು ಸೋಪಿನ ವಾಸನೆ ಬಂದ್ರೆ ಅದು ಹಾಲಲ್ಲಿರೋ ಲಿಪೇಸ್ ಅನ್ನೋ ಕಿಣ್ವ ಕೊಬ್ಬನ್ನ ಒಡೆದಿದ್ದು, ಮಗು ಕುಡಿದ್ರೆ ತೊಂದ್ರೆ ಇಲ್ಲ.

ಮನೇಲಿ ಕುಡಿಸೋರಿಗೂ ಹೇಳಿಕೊಡ್ಬೇಕು. ನಮ್ಮಮ್ಮ ಬಾಟಲ್ ನೆಟ್ಟಗೆ ಎತ್ತಿ ಹಿಡೀತಿದ್ರು, ಹಾಲು ಗಟಗಟ ಇಳಿದು ಐದು ನಿಮಿಷಕ್ಕೆ ಖಾಲಿ, ಹೊಟ್ಟೆ ತುಂಬಿದ್ದು ಮಗುಗೆ ಗೊತ್ತಾಗೋ ಮೊದಲೇ ಮುಗೀತಿತ್ತು, ಇನ್ನೂ ಬೇಕು ಅಂತ ಅಳು. ಮೊದಲನೇ ದಿನದ ಆ 200 ಎಂಎಲ್ ರಹಸ್ಯ ಇದೇ. ಮಗುನ ಕೂರಿಸಿದ ಹಾಗೆ ಹಿಡಿದು ಬಾಟಲ್ ಅಡ್ಡಡ್ಡ ಇಟ್ಟು ಮಧ್ಯೆ ಮಧ್ಯೆ ನಿಲ್ಲಿಸಿ ಕೊಟ್ರೆ ಅದೇ ಮಗು 90ಕ್ಕೆ ಸಾಕು ಅನ್ನುತ್ತೆ. ಆಮೇಲೆ ಅಮ್ಮ ಬಾಟಲ್ ಬಿಟ್ಟು ನನಗೆ ಕುಡಿಸಿದ್ದ ಬೆಳ್ಳಿ ಒಳಲೆನೇ ಕುದಿಸಿ ತೆಗೆದ್ರು, ಸ್ವಲ್ಪ ಸ್ವಲ್ಪ ಕುಡಿಸೋಕೆ ಅದಕ್ಕಿಂತ ಒಳ್ಳೇದು ನಾನು ನೋಡಿಲ್ಲ, ತೊಳೆಯೋದೂ ಸುಲಭ.

ಎದೆ ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದ್ರೆ ಮೊದಲೆಲ್ಲಾ ಬಿಸಿ ಶಾಖ ಕೊಡು, ಜೋರಾಗಿ ಉಜ್ಜು, ಪೂರ್ತಿ ಖಾಲಿ ಮಾಡು ಅಂತಿದ್ರು. 2022ರಲ್ಲಿ ಬಂದ ಹೊಸ ವೈದ್ಯಕೀಯ ಮಾರ್ಗಸೂಚಿ ಹೇಳೋದು ಉಲ್ಟಾ, ಒಳಗೆ ಇರೋದು ಊತ, ಉಜ್ಜಿದ್ರೆ ಜಾಸ್ತಿ ಆಗುತ್ತೆ, ತಣ್ಣನೆ ಪಟ್ಟಿ ಇಡಿ, ಎಂದಿನಂತೆ ಮಗುಗೆ ಕೊಡ್ತಾ ಇರಿ, ಎಕ್ಸ್‌ಟ್ರಾ ಪಂಪ್ ಮಾಡ್ಬೇಡಿ. ಒಂದು ದಿನದಲ್ಲಿ ಕಮ್ಮಿ ಆಗ್ದಿದ್ರೆ ಡಾಕ್ಟರ್ ಹತ್ರ ಹೋಗಿ, ತಡ ಮಾಡಿದ್ರೆ ಕೀವು ಕಟ್ಟಬಹುದು.

ನಿಜವಾಗ್ಲೂ ಹಾಲು ಸಾಲದೇ ಇರೋದೂ ಇದೆ. ಥೈರಾಯ್ಡ್, ಹೆರಿಗೇಲಿ ತುಂಬಾ ರಕ್ತ ಹೋಗಿರೋದು, ಮಾಸಿನ ಚೂರು ಒಳಗೆ ಉಳಿದಿರೋದು, ಕೆಲವರಿಗೆ ಪಿಸಿಒಎಸ್ ಅನ್ನೋ ಹಾರ್ಮೋನ್ ಏರುಪೇರು, ಎದೆ ಆಪರೇಷನ್ ಆಗಿರೋದು. ಗೊತ್ತಾಗೋದು ಮಗು ನೋಡಿ, ಬಾಟಲ್ ನೋಡಿ ಅಲ್ಲ. ಐದು ದಿನ ಕಳೆದ ಮೇಲೆ ದಿನಕ್ಕೆ ಕನಿಷ್ಠ ಆರು ಸಲ ಚೆನ್ನಾಗಿ ಉಚ್ಚೆ ಹೊಯ್ದು, ತೂಕ ಏರ್ತಾ ಇದ್ರೆ ಹಾಲು ಸಾಲ್ತಿದೆ ಅಂತ. ತೂಕ ಏರ್ತಿಲ್ಲ ಅಂದ್ರೆ ಮಗುಗೆ ಏನು ಬೇಕೋ ಅದನ್ನ ಕೊಡಿ, ಪೌಡರ್ ಆದ್ರೆ ಪೌಡರ್, ಹಸಿವಿಗಿಂತ ದೊಡ್ಡದು ಯಾವುದೂ ಇಲ್ಲ, ಜೊತೆಗೆ ಎದೆಹಾಲಿನ ವಿಷ್ಯದಲ್ಲಿ ಸಲಹೆ ಕೊಡೋ ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಒಬ್ಬರನ್ನ ನೋಡಿ. ಅವಧಿಗೆ ಮುಂಚೆ ಹುಟ್ಟಿ ಎನ್‌ಐಸಿಯುನಲ್ಲಿರೋ (ಹಸುಗೂಸುಗಳ ತೀವ್ರ ನಿಗಾ ಘಟಕ) ಮಕ್ಕಳಿಗೆ ತಾಯಂದಿರ ಹಾಲಿನ ಬ್ಯಾಂಕ್‌ಗಳಿವೆ, ನಮ್ಮ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇದೆ, ಹಾಲು ಹೆಚ್ಚಿರೋರು ಅಲ್ಲಿ ದಾನ ಮಾಡಬಹುದು.

ಆಫೀಸ್ ಬಗ್ಗೆ ಇಷ್ಟು ತಿಳ್ಕೊಂಡಿರಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಮಗುಗೆ 15 ತಿಂಗಳಾಗೋವರೆಗೆ ದಿನಕ್ಕೆ ಎರಡು ನರ್ಸಿಂಗ್ ಬ್ರೇಕ್ ಕೊಡ್ಬೇಕು ಅಂತ ಬರೆದಿದ್ರು, ಊಟದ ಬ್ರೇಕ್ ಬಿಟ್ಟು. 2017ರ ತಿದ್ದುಪಡೀಲಿ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಶ್, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡೋ ಅವಕಾಶ ಸೇರಿಸಿದ್ರು. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹಾಲುಣಿಸೋದು ತಾಯಿಯ ಹಕ್ಕು ಅಂತ ತೀರ್ಪಲ್ಲಿ ಹೇಳಿದೆ. ನಾನು ಎರಡನೇ ವಾರ ಎಚ್‌ಆರ್‌ಗೆ ಮೇಲ್ ಹಾಕಿದೆ, ಮೂರು ವಿಷ್ಯ ಕೇಳಿದೆ: ಒಳಗಿಂದ ಚಿಲಕ, ಒಂದು ಪ್ಲಗ್ ಪಾಯಿಂಟ್, ಕ್ಯಾಲೆಂಡರಲ್ಲಿ ಮೂರು ಸ್ಲಾಟ್ ಬ್ಲಾಕ್. ಚಿಲಕ ಬರೋಕೆ ಹನ್ನೊಂದು ದಿನ ಆಯ್ತು. ಅದು ಬಂದ ದಿನ ಮಧ್ಯಾಹ್ನ ಕಾಲು ನೀಡ್ಕೊಂಡು ಕೂತು ಪಂಪ್ ಮಾಡಿದೆ, 110 ಎಂಎಲ್ ಬಂತು.

ನಿಲ್ಲಿಸೋವಾಗ ಒಂದೇ ಸಲ ನಿಲ್ಲಿಸ್ಬೇಡಿ, ಹಾಲು ಕಟ್ಕೊಳ್ಳುತ್ತೆ. ಪುಟ್ಟ ಹತ್ತು ತಿಂಗಳಿಗೆ ರಾಗಿ ಮಣ್ಣಿ, ಅನ್ನ ಬೇಳೆ ಚೆನ್ನಾಗಿ ತಿನ್ನೋಕೆ ಶುರು ಮಾಡಿದ ಮೇಲೆ ನಾನು ಮೊದಲು ಮಧ್ಯಾಹ್ನ ಒಂದೂವರೆಗೆ ಮಾಡ್ತಿದ್ದ ಪಂಪ್ ಬಿಟ್ಟೆ, ದಿನಾ ಎರಡೆರಡು ನಿಮಿಷ ಕಮ್ಮಿ ಮಾಡ್ತಾ ಬಂದು ಒಂದು ವಾರದಲ್ಲಿ. ಎರಡು ವಾರ ಬಿಟ್ಟು ನಾಲ್ಕೂವರೇದು. ಹತ್ತೂವರೇದು ಅವನ ವರ್ಷದ ಹುಟ್ಟುಹಬ್ಬದವರೆಗೂ ಇತ್ತು. ಬೆಳಗ್ಗೆ, ಸಂಜೆ, ರಾತ್ರಿ ಇನ್ನೂ ಕುಡೀತಾನೆ, ಈಗ ಬಾಗಿಲಲ್ಲಿ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ತೆವಳ್ಕೊಂಡು ಬಂದು ಸೆರಗು ಎಳೀತಾನೆ.